ಸೋಮವ್ವನ ಉತಾರಾ

ನಾಗಣಸೂರಿನ ಇಂದುಬಾಯಿ ಬುಧವಾರದ ಕ್ಲಾಸಿಗೆ ಒಮ್ಮೆಯೂ ಹೊತ್ತಿಗೆ ಸರಿಯಾಗಿ ಹೋದವಳಲ್ಲ. ಕ್ಲಾಸು ಎರಡು ಗಂಟೆಗೆ. ಆ ಹೊತ್ತಿಗೆ ಅವಳ ಗಂಡ ಧರ್ಮರಾಜ ಹೊಲದಿಂದ ಬಂದು ಉಂಡು ಕೈ ತೊಳೆಯುತ್ತಿದ್ದ. ಅವನು ತೊಳೆಯುತ್ತಿದ್ದದ್ದು ಕೈಯನ್ನಷ್ಟೇ. ತಾಟು, ಬೋಗುಣಿ, ಹಂಚು, ಒಲೆ, ಒಲೆಯ ಮುಂದಿನ ನೆಲ ಎಲ್ಲವೂ ಅವಳ ಪಾಲಿಗೆ ಉಳಿಯುತ್ತಿದ್ದವು. ಅವನು ಅಡ್ಡಾಗಿ ಗೊರಕೆ ಶುರುವಾದ ಮೇಲೆ, ತಲೆದಿಂಬಿನ ಬದಿಯ ಫೋನು ಎತ್ತಿಕೊಂಡು ಅವಳು ಹೊರಡುವಾಗ ಎರಡೂಮುಕ್ಕಾಲು. ಮನೆಗೆಲ್ಲ ಇದ್ದದ್ದು ಅದೊಂದೇ ದೊಡ್ಡ ಫೋನು. ಅವನ ನಿದ್ದೆ ಎಷ್ಟು ಉದ್ದವೋ ಅವಳ ಇಂಟರ್ನೆಟ್ಟು ಅಷ್ಟೇ ಉದ್ದ.

ಕ್ಲಾಸು ನಡೆಯುತ್ತಿದ್ದದ್ದು ಅಂಗನವಾಡಿಯ ಕೋಣೆಯಲ್ಲಿ. ಕಲಿಸುವವಳು ಮನೀಷಾ, ಊರಿನ ಸೊಸೆ. ಮದುವೆಗೆ ಮೊದಲು ಸೋಲಾಪುರದಲ್ಲಿ ಎರಡು ವರ್ಷ ಕಂಪ್ಯೂಟರ್ ಹೇಳಿಕೊಟ್ಟವಳು. ಮಹಿಳಾ ಬಚತ್ ಗಟದ, ಅಂದರೆ ಉಳಿತಾಯ ಸಂಘದ, ಒಂಬತ್ತು ಹೆಂಗಸರು ಅವಳ ಮುಂದೆ ಚಾಪೆಯ ಮೇಲೆ ಕೂರುತ್ತಿದ್ದರು. ಅವಳದು ಒಂದೇ ನಿಯಮ: ಯಾರ ಫೋನನ್ನೂ ಇನ್ನೊಬ್ಬರು ಒತ್ತಿಕೊಡಬಾರದು. ತನ್ನ ಕೈಯನ್ನೂ ಅವಳು ಬೆನ್ನ ಹಿಂದೆ ಕಟ್ಟಿಕೊಂಡೇ ಓಡಾಡುತ್ತಿದ್ದಳು.

"ತಪ್ಪ ಒತ್ತಿದ್ರ ಸುಟ್ಟ ಹೋದೀತೇನವಾ?" ಎಂದು ಇಂದುಬಾಯಿ ಮೊದಲ ದಿನ ಕೇಳಿದ್ದಳು.

"ಸುಡೋದು ರೊಟ್ಟಿರಿ ಕಾಕು, ಫೋನ ಅಲ್ಲ. ಹಿಂದ ಹೋಗೋ ಬಾಣ ಒತ್ರಿ, ಮೊದಲ ಎಲ್ಲಿದ್ರಿ ಅಲ್ಲೇ ಬರ್ತೀರಿ."

ಐವತ್ತು ವರ್ಷದಲ್ಲಿ ತಪ್ಪು ಮಾಡಿದರೂ ಹಿಂದೆ ಬರಬಹುದಾದ ಕೆಲಸವೊಂದನ್ನು ಇಂದುಬಾಯಿ ಕಂಡದ್ದು ಅದೇ ಮೊದಲು.

ಆ ಬುಧವಾರ ಮನೀಷಾ ಸರಕಾರದ ಜಮೀನು ದಾಖಲೆಯ ವೆಬ್‌ಸೈಟು ತೆರೆಯುವುದನ್ನು ಕಲಿಸಿದಳು. ಹೊಲದ ಪಹಣಿ, ಇಲ್ಲಿಯವರ ಬಾಯಲ್ಲಿ ಉತಾರಾ, ಈಗ ಯಾರು ಬೇಕಾದರೂ ನೋಡಬಹುದು. ಜಿಲ್ಲೆ, ತಾಲೂಕು, ಊರು ಆರಿಸಬೇಕು, ಆಮೇಲೆ ಹೊಲದವರ ಹೆಸರು. ಬರೆಯಲು ಬಾರದಿದ್ದರೆ ಮೈಕಿನ ಗುರುತು ಒತ್ತಿ ಬಾಯಿಂದ ಹೇಳಿದರೂ ನಡೆಯುತ್ತದೆ. ಒಂಬತ್ತೂ ಹೆಂಗಸರು ಮೈಕು ಒತ್ತಿದರು. ಒಬ್ಬಳೂ ಬಾಯಿ ತೆರೆಯಲಿಲ್ಲ.

"ನಮ್ಮನಿಯವರ ಹೆಸರ ನಾ ಹೆಂಗ ಹೇಳ್ಲಿ?" ಎಂದಳು ಪಕ್ಕದಲ್ಲಿದ್ದ ಕಲ್ಯಾಣಮ್ಮ. "ಇಂದೂ, ನೀ ಹೇಳ."

ಇಂದುಬಾಯಿ ಕಲ್ಯಾಣಮ್ಮನ ಫೋನಿಗೆ ಬಾಗಿ "ಅಣ್ಣಾರಾಯ" ಎಂದಳು. ಕಲ್ಯಾಣಮ್ಮ ಅವಳ ಫೋನಿಗೆ "ಧರ್ಮರಾಜ" ಎಂದಳು. ಒತ್ತಬಾರದೆಂಬ ನಿಯಮವಿತ್ತೇ ಹೊರತು ಕೂಗಬಾರದೆಂದಿರಲಿಲ್ಲ. ಕೋಣೆಯ ತುಂಬ ಹೆಂಗಸರು ಒಬ್ಬರ ಗಂಡನನ್ನು ಇನ್ನೊಬ್ಬರು ಕೂಗತೊಡಗಿದರು.

"ಹೊರಗ ಯಾರರೆ ಕೇಳಿದ್ರ ನಾಳಿಂದ ಕ್ಲಾಸ ಬಂದ್ ನೋಡ್!" ಎಂದು ಕಲ್ಯಾಣಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

ನಗೆ ನಿಂತ ಮೇಲೆ ಒಂಬತ್ತು ಫೋನಿನಲ್ಲೂ ಉತಾರಾ ತೆರೆದುಕೊಂಡಿತು. ಒಂಬತ್ತರಲ್ಲೂ ಗಂಡಸರ ಹೆಸರು.

"ನಮ್ಮ ತವರಿಂದೂ ಬರ್ತದೇನ?" ಇಂದುಬಾಯಿ ಕೇಳಿದಳು.

ಅವಳು ಕೇಳಲು ಕಾರಣವಿತ್ತು. ಭಂಡಾರಕವಠೆಯಲ್ಲಿ ಅವಳ ತಂದೆ ಅಮೃತಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬರುವ ಸೋಮವಾರ ತಮ್ಮ ಕೈಲಾಸ ಬಂದು ಅವಳನ್ನು ಸೋಲಾಪುರಕ್ಕೆ ಕರೆದೊಯ್ಯುವವನಿದ್ದ, ಹಕ್ಕಸೋಡ ಪತ್ರಕ್ಕೆ ಸಹಿ ಹಾಕಿಸಲು. ತಂದೆಯ ಹೊಲದಲ್ಲಿ ನನಗೇನೂ ಬೇಡವೆಂದು ಹೆಣ್ಣುಮಕ್ಕಳು ಬರೆದುಕೊಡುವ ಕಾಗದ ಅದು. ಈ ಕಡೆ ಎಲ್ಲರೂ ಬರೆದುಕೊಟ್ಟವರೇ. ಕೊಟ್ಟವಳಿಗೆ ವರ್ಷವರ್ಷ ನಾಗರಪಂಚಮಿಯ ಸೀರೆ, ಕೊಡದವಳಿಗೆ ತವರಿನ ಬಾಗಿಲೇ ಇಲ್ಲ. "ಉತಾರಾದಾಗ ನಿನ್ನ ಹೆಸರ ಎಲ್ಲಿ ಅದ ಅಕ್ಕಾ, ಸುಮ್ನ ರೂಢಿ, ಒಂದ ಸಹಿ" ಎಂದು ಕೈಲಾಸ ಫೋನಿನಲ್ಲಿ ಹೇಳಿದ್ದ. ಅವಳು ಹೂಂ ಅಂದಿದ್ದಳು.

ಈಗ ದಕ್ಷಿಣ ಸೋಲಾಪುರ ತಾಲೂಕು ಆರಿಸಿ, ಊರು ಆರಿಸಿ, ತನ್ನ ಹೆಸರು ಹೇಳಿದಳು: ಇಂದುಬಾಯಿ. ಏನೂ ಸಿಗಲಿಲ್ಲ. ಮತ್ತೊಮ್ಮೆ ಹೇಳಿದಳು. ಇಲ್ಲ.

"ಖರೇನ ಹೇಳ್ಯಾನ ನಮ್ಮ ಕೈಲಾಸ" ಎಂದು ಫೋನು ಕೆಳಗಿಟ್ಟಳು. ಒಂದು ಕ್ಷಣ ಹಗುರವೂ ಆಯಿತು.

ಮನೀಷಾ ಬಗ್ಗಿ ನೋಡಿದಳು. "ಕಾಕು, ಲಗ್ನದಾಗ ನಿಮ್ಮ ಹೆಸರ ಬದಲಿ ಮಾಡಿದ್ರೇನ್ರಿ?"

ಮಾಡದೆ ಏನು? ತಾಟಿನಲ್ಲಿ ಅಕ್ಕಿ ಹರಡಿ, ಧರ್ಮರಾಜ ಉಂಗುರದ ತುದಿಯಿಂದ ಹೊಸ ಹೆಸರು ಬರೆದಿದ್ದ. ಆ ಅಕ್ಕಿಯನ್ನು ಅಂದೇ ಬೇಯಿಸಿ ಉಂಡರು. ಹೆಸರು ಮೂವತ್ತೊಂದು ವರ್ಷ ಉಳಿಯಿತು.

"ಮೊದಲಿನ ಹೆಸರ?"

ಅದು ನಾಲಿಗೆಗೆ ಬರಲು ತುಸು ಹೊತ್ತು ಹಿಡಿಯಿತು. "ಸೋಮವ್ವ."

ಈ ಸಲ ಅವಳು ಮೈಕು ಒತ್ತಲಿಲ್ಲ. ಇಲ್ಲಿಯ ಸರಕಾರದ ಭಾಷೆ ಮರಾಠಿ. ಅದರ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ತಾನೇ ಒತ್ತಿದಳು. ಪುಟ ತೆರೆಯಿತು. ಕೈಲಾಸ ಅಮೃತಪ್ಪ. ಅದರ ಕೆಳಗೆ, ಸೋಮವ್ವ ಅಮೃತಪ್ಪ. ಎರಡು ಬೆರಳಿಟ್ಟು ಅಗಲಿಸಿದಳು. ಹೆಸರು ಪರದೆಯ ತುಂಬ ಬೆಳೆಯಿತು.

ಕೆಳಗೆ ಬೆಳೆಯ ಕಾಲಂ ಇತ್ತು: ಜೋಳ, ತೊಗರಿ. ಯಾರು ಕಳೆ ತೆಗೆದರು ಎಂಬ ಕಾಲಂ ಇರಲಿಲ್ಲ. ಎಂಟನೇ ವರ್ಷದಿಂದ ಹತ್ತೊಂಬತ್ತರವರೆಗೆ, ಮೊದಮೊದಲು ಕೂಸು ಕೈಲಾಸನನ್ನು ಬದುವಿನ ಮರದ ನೆರಳಿಗೆ ಮಲಗಿಸಿ, ಕಳೆ ತೆಗೆದವಳು ಅವಳು.

ಮನೆಗೆ ಬರುವ ಮುಂಚೆ ಫೋನಿನ ನಡುವಿನ ಗುಂಡಿ ಒತ್ತಿದಳು. ಪುಟ ಹೋಯಿತೆಂದೇ ತಿಳಿದಳು. ಅದು ಹೋಗಿರಲಿಲ್ಲ, ಹಿಂದೆ ಸರಿದು ಕೂತಿತ್ತು. ಮರುದಿನ ಮುಂಜಾನೆ ತೊಗರಿಯ ದರ ನೋಡಲು ಬ್ರೌಸರ್ ತೆರೆದ ಧರ್ಮರಾಜನ ಕಣ್ಣಿಗೆ ಭಂಡಾರಕವಠೆಯ ಹೊಲ ಬಿತ್ತು.

"ಏನಿದು?"

"ನಮ್ಮ ಅಪ್ಪನ ಹೊಲ."

"ಕೈಲಾಸಗ ತಿಳದ್ರ ನಾನ ಹಚ್ಚಿಕೊಟ್ಟೀನಿ ಅಂತಾನ. ಹೆಂಡ್ತಿ ತವರಿನ ಹೊಲಕ್ಕ ಆಸಿ ಬಿದ್ದಾನ ಅಂತ ನನ್ನ ಮರ್ಯಾದಿ ಹೋಗ್ತದ. ಮೊದಲ ಅಳಸು ಅದನ್ನ."

ಇಂದುಬಾಯಿ ನೆಲ ಒರೆಸುತ್ತಿದ್ದವಳು ಅರಿವೆಯನ್ನು ಬಕೆಟ್ಟಿಗೆ ಬಿಟ್ಟಳು. "ಮುಂಜಾನಿಂದ ಸಂಜೀತನ ಅಳಸೋದ ನನ್ನ ಕೆಲಸ. ನೆಲದ ಮ್ಯಾಲಿಂದ ನಿಮ್ಮ ಕಾಲಿನ ಗುರುತ, ತಾಟಿನ ಮ್ಯಾಲಿಂದ ನಿಮ್ಮ ಎಂಜಲ. ಇದೊಂದ ಅಳಸಂಗಿಲ್ಲ."

"ಹಂಗಾರ ಫೋನ ಮುಟ್ಟಬ್ಯಾಡ."

"ಇಟ್ಕೋರಿ. ಕಲ್ಯಾಣಮ್ಮನ ಫೋನಿನ್ಯಾಗ ಕಲೀತೀನಿ."

ಸೋಮವಾರ ಕೈಲಾಸ ಬೈಕಿನಲ್ಲಿ ಬಂದ. ಚೀಲದಿಂದ ಹಸಿರು ಸೀರೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತ. ಪಂಚಮಿಗೆ ಇನ್ನೂ ಹದಿನೈದು ದಿನವಿತ್ತು.

"ಹನ್ನೊಂದಕ್ಕ ಆಫೀಸಿನ್ಯಾಗ ಇರಬೇಕು ಅಕ್ಕಾ. ಲಗೂನ ತಯಾರ ಆಗು."

"ಉತಾರಾದಾಗ ನನ್ನ ಹೆಸರಿಲ್ಲ ಅಂದಿದ್ದಿ. ನೋಡೀನಿ. ನಿನ್ನ ಹೆಸರಿನ ಕೆಳಗ ಅದ."

ಕೈಲಾಸ ಧರ್ಮರಾಜನ ಕಡೆ ತಿರುಗಿದ. "ಮಾಮಾ, ಇದನ್ನ ನೀವ ಹೇಳಿಕೊಟ್ರಿ?"

"ನಾ ಅಲ್ಲಪಾ, ನಾ ಬ್ಯಾಡ ಅಂದೆ" ಎಂದ ಧರ್ಮರಾಜ.

"ಅವರ ಹೆಂಗ ಹುಡುಕ್ತಾರ?" ಎಂದಳು ಇಂದುಬಾಯಿ. "ಹುಡುಕಬೇಕಂದ್ರ ನನ್ನ ಮೊದಲಿನ ಹೆಸರ ನೆನಪಿರಬೇಕಲ್ಲ."

ಕೈಲಾಸ ಅವಳ ಕಡೆ ತಿರುಗಿದ.

"ಅಂದ್ರ ಸಹಿ ಮಾಡಂಗಿಲ್ಲ?"

"ಮಾಡಂಗಿಲ್ಲ."

"ಅಪ್ಪನ ಹೊಲ ಒಡೀತಿ ಏನ ನೀ?"

"ಕಳಿ ತಗೀವಾಗ ನಮ್ಮ ಹೊಲ ಅಂತಿದ್ರಿ. ಸಹಿ ಮಾಡೂ ಮುಂದ ಅಪ್ಪನ ಹೊಲ ಆತೇನ?"

ಅವನು ಎದ್ದು ನಿಂತ. ಇಂದುಬಾಯಿ ಎರಡೂ ಕೈ ಚಾಚಿದಳು. "ಆ ಸೀರಿ ಅಕ್ಕಗ ತಂದೀಯೋ, ಸಹಿಗಿ ತಂದೀಯೋ? ಅಕ್ಕಗ ತಂದಿದ್ರ ಕೊಡು, ಉಟ್ಕೋತೀನಿ."

ಕೈಲಾಸ ಸೀರೆಯನ್ನು ನೋಡಿದ, ಅವಳ ಕೈಯನ್ನು ನೋಡಿದ. ಆಮೇಲೆ ಅದನ್ನು ಮಡಿಕೆ ಕೆಟ್ಟರೂ ಲೆಕ್ಕಿಸದೆ ಚೀಲಕ್ಕೆ ತುರುಕಿದ. ಕೊಟ್ಟಾನು ಎಂದು ಅವಳ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು. ಆದರೂ ಚಾಚಿದ ಕೈಯನ್ನು, ಅವನು ಚೀಲದ ಬಾಯಿ ಕಟ್ಟಿ ಮುಗಿಸುವವರೆಗೂ ಅವಳು ಇಳಿಸಲಿಲ್ಲ.

"ಇನ್ನ ಪಂಚಮಿಗಿ ನಮ್ಮ ಹೊಸ್ತಲಾ ತುಳೀಬ್ಯಾಡ" ಎಂದು ಕೈಲಾಸ ಬೈಕಿನ ಕಿಕ್ ಒದ್ದ. ಅದು ಹತ್ತಲಿಲ್ಲ. ಮತ್ತೆ ಒದ್ದ.

ಇಂದುಬಾಯಿ ಅಂಗಳಕ್ಕಿಳಿದು ಬೈಕಿನ ಮುಂದೆ ಬಂದು ನಿಂತಳು.

"ಪಂಚಮಿಗಿ ಬರಂಗಿಲ್ಲ ಬಿಡು. ಹಿಂಗಾರಿಗಿ ಬರ್ತೀನಿ, ಸೀದಾ ಹೊಲಕ್ಕ. ಬಿತ್ತಾಕ."