ಬಿಡುಗಡೆಯ ದಿನದ ಉಡಿಯಕ್ಕಿ

೧೯೮೨ನೇ ಇಸವಿ. ನನ್ನ ಮೊದಲ ಕಾದಂಬರಿ ರಾಯಚೂರಿನಲ್ಲಿ ಬಿಡುಗಡೆಯಾದ ವರ್ಷ. ತಿಂಗಳು ಯಾವುದೆಂದು ಥಟ್ಟನೆ ಹೇಳಲಾರೆ. ದೇವದುರ್ಗದಿಂದ ಹೊರಟ ಬಸ್ಸಿನ ಕಿಟಕಿಯಲ್ಲಿ ಹತ್ತಿ ಹೇರಿದ ಬಂಡಿಗಳು ಸಾಲಾಗಿ ಕಂಡದ್ದು ಮಾತ್ರ ಕಣ್ಣಿಗೆ ಕಟ್ಟಿದೆ. ನೆನಪನ್ನು ನಾನು ಪೂರ್ತಿ ನಂಬುವವಳಲ್ಲ. ಅದಕ್ಕೇ ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತಾ ಬಂದಿದ್ದೇನೆ. ಆದರೂ ಆ ದಿನದ ಒಂದು ಗಳಿಗೆಯ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ಒಮ್ಮತವಿಲ್ಲ. ನನ್ನ ಸಿಟ್ಟಿನ ಬಗ್ಗೆ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ. ಅದು ಅಂದೂ ಇತ್ತು, ಇಂದೂ ಇದೆ.

ನನ್ನ ತವರು ಮಾನ್ವಿ. ಧಾರವಾಡದಲ್ಲಿ ಎಂ.ಎ. ಮುಗಿಸಿ, ಹೈಸ್ಕೂಲ್ ಮಾಸ್ತರರನ್ನು ಮದುವೆಯಾಗಿ ದೇವದುರ್ಗಕ್ಕೆ ಬಂದೆ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಚೀಕಲಪರ್ವಿಗೆ ಹೋದಾಗ, ತುಂಗಭದ್ರೆಯಲ್ಲಿ ಒಬ್ಬ ಹೆಂಗಸು ಹರಿಗೋಲಿನಲ್ಲಿ ಕೂತು ಹುಟ್ಟು ಹಾಕುತ್ತಿದ್ದುದನ್ನು ನೋಡಿದ್ದೆ. ನಿಜವಾಗಿ ನೋಡಿದೆನೋ, ಯಾರೋ ಹೇಳಿದ್ದನ್ನು ಕೇಳಿ ನೋಡಿದೆನೆಂದುಕೊಂಡೆನೋ, ಅದೂ ಗೊತ್ತಿಲ್ಲ. ಆದರೆ ಅವಳು ನನ್ನನ್ನು ಬಿಡಲಿಲ್ಲ. ಅವಳಿಗೆ ತಿಪ್ಪವ್ವ ಎಂದು ಹೆಸರಿಟ್ಟೆ. ಗಂಡ ಹಾಸಿಗೆ ಹಿಡಿದ ಮೇಲೆ ಅವನ ಹರಿಗೋಲನ್ನು ತಾನು ನಡೆಸುವವಳು, ಹೆಂಗಸಿನ ಕೈಯಲ್ಲಿ ಹುಟ್ಟು ಇದೆಯೆಂದು ಊರವರು ಹತ್ತಲು ಒಪ್ಪದಿದ್ದಾಗ ಖಾಲಿ ಹರಿಗೋಲನ್ನೇ ದಿನಾ ಆಚೆ ದಡಕ್ಕೆ ಒಯ್ದು ತರುವವಳು. ಅದೇ ನನ್ನ ಕಾದಂಬರಿ.

ಬೆಳಿಗ್ಗೆ ಹಾಲಿನವನು ಬರುವುದಕ್ಕೆ ಮೊದಲು, ಒಲೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಬರೆಯುತ್ತಿದ್ದೆ. ನಮ್ಮವರ ಶಾಲೆಯ ಹಳೆಯ ಪ್ರಶ್ನೆಪತ್ರಿಕೆಗಳ ಖಾಲಿ ಬದಿಯೇ ನನ್ನ ಕಾಗದ. ಅಕ್ಷರವೋ, ಕಾಗೆ ಕಾಲು ಗುಬ್ಬಿ ಕಾಲು. ಬೇಳೆ ಉಕ್ಕುವುದರೊಳಗೆ ಒಂದು ವಾಕ್ಯ ಮುಗಿಸಬೇಕಾದವಳ ಅಕ್ಷರ ಇನ್ನು ಹೇಗಿದ್ದೀತು? ನಮ್ಮವರ ಅಕ್ಷರ ಮುತ್ತು ಪೋಣಿಸಿದಂತೆ. ಭಾನುವಾರಗಳಂದು ಕೂತು ಪ್ರೆಸ್ಸಿಗೆ ಕೊಡುವ ಶುದ್ಧಪ್ರತಿಯನ್ನು ಅವರೇ ಬರೆದರು. ಒಂದು ಪದವನ್ನೂ ಬದಲಿಸಲಿಲ್ಲ. ಒಮ್ಮೆ ಮಾತ್ರ ತಲೆಯೆತ್ತಿ, "ಗಿರಿಜಾ, ಇಲ್ಲಿ ತಿಪ್ಪವ್ವ ಅಳೂದಿಲ್ಲೇನು?" ಎಂದರು. "ಅಳೂದಿಲ್ರೀ" ಎಂದೆ. "ಆತು" ಎಂದು ಮತ್ತೆ ತಲೆ ತಗ್ಗಿಸಿದರು.

ನನ್ನ ಕಥೆಯನ್ನು ಮೊದಲು ಕೇಳಿದವಳು ಪಕ್ಕದ ಮನೆಯ ಹುಸೇನ್‌ಬೀ. ಬಳೆ ಮಾರಿ ಬಂದು, ಸಂಜೆ ನಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, "ಹೇಳಮ್ಮಾ, ಇವತ್ತರ ಯಾರರ ಹತ್ತಿದ್ರೇನು ಆ ಹರಗೋಲು?" ಎನ್ನುತ್ತಿದ್ದಳು. ಹತ್ತಿಲ್ಲ ಎಂದರೆ, "ಅರೆ ಅಲ್ಲಾ! ಏನ್ ಮಂದಿನವ್ವಾ ನಿಮ್ಮ ನದಿ ಮಂದಿ" ಎಂದು ನನ್ನನ್ನೇ ಬೈಯುತ್ತಿದ್ದಳು.

ಪುಸ್ತಕ ಅಚ್ಚಾದ ಮೇಲೆ ಪ್ರತಿಗಳನ್ನು ತರಲು ನಾವಿಬ್ಬರೂ ರಾಯಚೂರಿನ ಪ್ರೆಸ್ಸಿಗೆ ಹೋದೆವು. ಪ್ರೆಸ್ಸಿನ ಮಾಲೀಕರು ಮೊದಲ ಪ್ರತಿಯನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮವರಿಗೆ ಕೊಟ್ಟರು. "ಸರ, ಭಾಳ ಛಲೋ ಬರದೀರಿ. ನಮ್ಮ ಹುಡುಗ್ರು ಅಚ್ಚಿನ ಮೊಳಿ ಜೋಡಸ್ಕೋಂತ ಓದ್ಯಾರ."

"ಬರದಾಕಿ ಈಕಿ" ಎಂದರು ನಮ್ಮವರು.

ಮಾಲೀಕರು ನನ್ನ ಕಡೆ ನೋಡಿ ನಕ್ಕರು. "ಇರ್ಲಿ ಬಿಡ್ರಿ ಸರ. ಅಕ್ಷರ ನಾವು ನೋಡಿಲ್ಲೇನು?"

ನಾನೂ ನಕ್ಕೆ. ಅಂದು ನಕ್ಕದ್ದು ದಿನಚರಿಯಲ್ಲೂ ಇದೆ.

ಮುಂದಿನ ವಾರ ಮಾನ್ವಿಗೆ ಹೋದೆ. ತವರಿನ ಊರಲ್ಲಿ ನಾಲ್ಕು ಜನರಿಗೆ ಹೇಳಿ, ಅಂಗಡಿಯಲ್ಲಿ ಕೆಲವು ಪ್ರತಿ ಇಟ್ಟು ಬರೋಣವೆಂದು ಚೀಲದಲ್ಲಿ ಪುಸ್ತಕ ತುಂಬಿಕೊಂಡಿದ್ದೆ. ನೋಟುಪುಸ್ತಕ, ಪೆನ್ನು ಮಾರುವ ಅಂಗಡಿಯವರು ನನ್ನನ್ನು ಪರಕಾರ ತೊಟ್ಟ ಪುಟ್ಟ ಹುಡುಗಿಯಾಗಿದ್ದ ಕಾಲದಿಂದ ಬಲ್ಲವರು. ಪುಸ್ತಕ ತಿರುವಿ ನೋಡಿ, "ಛಲೋ ಆತು ಬಿಡವ್ವಾ. ಮಾಸ್ತರು ಬರದು ನಿನ್ನ ಹೆಸರಿಗೆ ಮಾಡ್ಯಾರಂತ. ಹೊಲ ಹೆಂಡ್ತಿ ಹೆಸರಿಗೆ ಮಾಡಸ್ತಾರಲ್ಲ, ಹಂಗ" ಎಂದರು.

"ಕಾಕಾ, ನಾ ಬರದೀನಿ."

"ಹೂಂ, ಹೂಂ. ಹಂಗ ಹೇಳಬೇಕು."

ಮಾತು ರಾಯಚೂರಿನಿಂದ ಮಾನ್ವಿಗೆ ನನಗಿಂತ ಮೊದಲೇ ಬಂದು ಮುಟ್ಟಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಅಳು ಬರಲಿಲ್ಲ, ಮೈ ಬಿಸಿಯಾಗಿತ್ತು. ಎಷ್ಟೋ ಮುಂಜಾನೆಗಳ ಹೊಗೆ ಕುಡಿದು ಬರೆದ ಪುಸ್ತಕ ನನ್ನದಲ್ಲವಂತೆ! ಮನೆಗೆ ಬಂದವಳೇ ನಮ್ಮವರಿಗೆ ಹೇಳಿದೆ: "ಬಿಡುಗಡಿ ದಿನ ನಾನ ಮಾತಾಡ್ತೀನಿ. ಒಂದು ಪುಟ ಓದ್ತೀನಿ. ಯಾರು ಬರದ್ರು ಅಂತ ಮಂದಿ ಕಿವೀಲೆ ಕೇಳ್ಲಿ."

"ಮಾತಾಡು. ನಾ ಕೆಳಗ ಮಂದಿ ನಡುವ ಕೂಡ್ತೀನಿ" ಎಂದರು.

ಆ ದಿನ ಬಂತು. ಹುಸೇನ್‌ಬೀ ಹೊಸ ಸೀರೆ ಉಟ್ಟು ನಮ್ಮ ಜೊತೆಗೇ ಬಸ್ಸು ಹತ್ತಿದಳು. ರಾಯಚೂರಿನ ಸಭಾಂಗಣದ ಬಾಗಿಲಲ್ಲೇ, ಸಮಾರಂಭ ಏರ್ಪಡಿಸಿದ್ದ ಸಾಹಿತ್ಯ ಸಂಘದ ಕಾರ್ಯದರ್ಶಿಗಳು ನಮ್ಮವರ ಕೈ ಹಿಡಿದರು. "ಬರ್ರಿ ಸರ, ಮ್ಯಾಲೆ ಬರ್ರಿ."

"ನಾ ಇಲ್ಲೇ ಕೂಡ್ತೀನ್ರಿ."

"ಎಂಥಾ ಮಾತ್ರೀ! ನೀವು ಕೆಳಗ ಕುಂತ್ರ ಸಭಾಕ್ಕ ಶೋಭಾ ಅದ ಏನ್ರೀ?" ಎಂದು ಎಳೆದುಕೊಂಡೇ ಹೋದರು. ವೇದಿಕೆಯ ನಡುವಿನ ಎರಡು ಕುರ್ಚಿಗಳಲ್ಲಿ ಒಂದು ಅಧ್ಯಕ್ಷರದು, ಇನ್ನೊಂದು ನಮ್ಮವರದು. ನನ್ನದು ಕೊನೆಯದು, ಹೂವಿನ ಕುಂಡದ ಹಿಂದೆ.

ಪ್ರಾರ್ಥನೆ ಮುಗಿಯುತ್ತಲೇ ಕಾರ್ಯದರ್ಶಿಗಳು, "ಮೊದಲ ಅಮ್ಮನವರ ಉಡಿ ತುಂಬಿಬಿಡ್ರಿ. ಹೆಣ್ಣಮಕ್ಳು ಲಗೂನ ಮನಿಗೆ ಹೋಗಬೇಕು" ಎಂದರು. ನಮ್ಮ ಕಡೆ ಮುತ್ತೈದೆಗೆ ಉಡಿ ತುಂಬುವುದೆಂದರೆ ದೊಡ್ಡ ಗೌರವ. ಐದು ಜನ ಹೆಂಗಸರು ಸಾಲಾಗಿ ಬಂದು ನಾನು ಒಡ್ಡಿದ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಖಣ, ಉತ್ತತ್ತಿ, ಅರಿಷಿಣ ಕೊಂಬು, ಬೆಲ್ಲ ಹಾಕಿದರು. ಆ ಹೆಂಗಸರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಪ್ರೀತಿಯಿಂದ ಬೊಗಸೆ ತುಂಬ ತುಂಬ ಹಾಕಿದರು. ಆದರೆ ತುಂಬಿದ ಉಡಿಯನ್ನು ಚೆಲ್ಲುವಂತಿಲ್ಲ, ಕುರ್ಚಿಯ ಮೇಲೋ ನೆಲದ ಮೇಲೋ ಇಡುವಂತಿಲ್ಲ. ಮನೆಗೆ ಒಯ್ದು ದೇವರ ಜಗಲಿಯ ಮುಂದೆಯೇ ಬಿಚ್ಚಬೇಕು. ಸಾಮಾನ್ಯವಾಗಿ ಸೆರಗಿಗೆ ಗಂಟು ಹಾಕಿ ಸೊಂಟಕ್ಕೆ ಸಿಗಿಸಿಕೊಳ್ಳುತ್ತೇವೆ. ಅಂದು ಭಾರಕ್ಕೆ ಗಂಟೂ ಬೀಳಲಿಲ್ಲ. ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡು, ಅಲುಗಾಡದೆ ಕೂತೆ.

ಕೂತ ಮೇಲೆಯೇ ನನಗೆ ಅರ್ಥವಾಗತೊಡಗಿದ್ದು. ಶಾಲು ಬಂತು, ನಮ್ಮವರ ಹೆಗಲಿಗೆ ಹೋಯಿತು. ಹಾರ ಬಂತು, ನಮ್ಮವರ ಕೊರಳಿಗೆ ಹೋಯಿತು. ಅಧ್ಯಕ್ಷರು ಬಣ್ಣದ ಕಾಗದ ಬಿಡಿಸಿ ಪುಸ್ತಕ ಹೊರತೆಗೆದು ನನ್ನ ಕಡೆ ಚಾಚಿದರು. ಕಾರ್ಯದರ್ಶಿಗಳು ನಡುವೆ ಬಂದು, "ಅಮ್ಮನವರ ಕೈ ಖಾಲಿ ಇಲ್ರಿ, ಸರ್‌ಗೆ ಕೊಡ್ರಿ" ಎಂದರು. ಪುಸ್ತಕವೂ ಹೋಯಿತು. ಫೋಟೋದವನು ಆಗಲೇ ದೀಪ ಮಿನುಗಿಸಿದ.

ಆಮೇಲೆ ಅಧ್ಯಕ್ಷರ ಭಾಷಣ. ನಿವೃತ್ತ ಅಧಿಕಾರಿಗಳು, ದೊಡ್ಡ ಗಂಟಲು. ಮುಖಪುಟದ ಹರಿಗೋಲನ್ನು ನೋಡಿಯೇ ಮಾತು ಕಟ್ಟಿದ್ದರೆಂಬುದು ಸ್ಪಷ್ಟವಾಗಿತ್ತು. "ಸಂಸಾರವೆಂಬ ಸಾಗರದಾಗ ಹೆಣ್ಣು ಹರಗೋಲು, ಗಂಡ ಅಂಬಿಗ. ಅಂಬಿಗನ ಕೈ ಬಿಟ್ರ ಹರಗೋಲು ಮುಳಗತದ ಅನ್ನೂದನ್ನ ಈ ಪುಸ್ತಕ ಭಾಳ ಚಂದ ಹೇಳತದ" ಎಂದರು. ಚಪ್ಪಾಳೆ. ನನ್ನ ತಿಪ್ಪವ್ವ ಹುಟ್ಟು ಹಾಕಿದ್ದೆಲ್ಲ ನೀರುಪಾಲಾಯಿತು. "ಹೆಂಡ್ತಿಗೆ ಬರಿಯಾಕ ಪರವಾನಗಿ ಕೊಟ್ಟು, ತಿದ್ದಿ, ದಾರಿ ತೋರಿಸಿದ ಮಾಸ್ತರು ನಮ್ಮ ಜಿಲ್ಲೆದ ಹೆಮ್ಮೆ" ಎಂದಾಗ ಕೆಳಗಿನಿಂದ ಒಂದು ದನಿ ಎದ್ದಿತು.

"ಗಿರಿಜಮ್ಮಾ, ಇವ್ರು ಯಾರ ಕಥಿ ಹೇಳಾಕತ್ತಾರ? ನೀ ನನಗ ಹೇಳಿದ್ದು ಇದಲ್ಲಲ್ಲ!"

ಹುಸೇನ್‌ಬೀ. ಯಾರೋ ಅವಳನ್ನು ಸುಮ್ಮನಿರಿಸಿದರು. ನಾನು ಅತ್ತ ತಿರುಗಿದ್ದಕ್ಕೇ ನಾಲ್ಕು ಅಕ್ಕಿಕಾಳು ಉದುರಿದವು. ನನ್ನ ಭಾಷಣದ ಚೀಟಿ ಕಾಲ ಬಳಿಯ ಚೀಲದಲ್ಲಿತ್ತು, ಬಗ್ಗುವಂತಿರಲಿಲ್ಲ.

ಆಗ ಕಾರ್ಯದರ್ಶಿಗಳು ಮೈಕಿನಲ್ಲಿ ಹೇಳಿದರು: "ಈಗ ಲೇಖಕಿಯವರ ಪರವಾಗಿ ಸರ್ ಎರಡು ಮಾತು ಆಡ್ತಾರ."

ಇದರ ಮುಂದಿನ ಗಳಿಗೆಯ ಬಗ್ಗೆಯೇ ನಮ್ಮ ಮನೆಯ ಜಗಳ. ನನಗೆ ನೆನಪಿರುವಂತೆ, ನಾನು ಎದ್ದು ನಿಂತು, "ರೀ, ಶಾಲು ಒಡ್ಡ್ರಿ" ಎಂದೆ. ಎಲ್ಲರಿಗೂ ಕೇಳುವಷ್ಟು ಜೋರಾಗಿ. ಅವರು ಹೆಗಲ ಮೇಲಿನ ಶಾಲನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದರು. ನನ್ನ ಸೆರಗಿನಲ್ಲಿದ್ದುದನ್ನೆಲ್ಲ ಅದರೊಳಗೆ ಸುರುವಿದೆ. ಕೊನೆಗೆ ತೆಂಗಿನಕಾಯಿ ಧಪ್ಪೆಂದು ಬಿತ್ತು.

ಉಡಿ ತುಂಬಿದ್ದವರಲ್ಲಿ ಹಿರಿಯರೊಬ್ಬರು, "ಯವ್ವಾ, ಇದೇನ್ ಮಾಡಾಕತ್ತೀಬೇ? ಗಂಡಸಿಗೆ ಉಡಿ ಅಕ್ಕಿ ಹಾಕ್ತಾರೇನ?" ಎಂದು ಬಾಯಿಗೆ ಸೆರಗು ಹಿಡಿದರು. ಹಿಂದಿನ ಸಾಲಿನಿಂದ ಯಾವನೋ ಕೂಗಿದ: "ಮಾಸ್ತರ್ರಿಗೆ ಎಷ್ಟನೇ ತಿಂಗಳ್ರೀ?" ಸಭೆಯೆಲ್ಲ ಗೊಳ್ಳೆಂದಿತು. ಬಸುರಿಗೂ ನಮ್ಮಲ್ಲಿ ಹಾಗೆಯೇ ಉಡಿ ತುಂಬುತ್ತಾರೆ. ನಮ್ಮವರ ಕಿವಿ ಕೆಂಪಾದವು. ಆದರೆ ಶಾಲನ್ನು ಎದೆಗೆ ಒತ್ತಿ ಹಿಡಿದು ಕುರ್ಚಿಯಲ್ಲೇ ಕೂತಿದ್ದರು, ಏಳಲಿಲ್ಲ.

ಅವರ ತೊಡೆಯ ಮೇಲಿದ್ದ ಪುಸ್ತಕವನ್ನು ತೆಗೆದುಕೊಂಡು ಮೈಕಿನ ಮುಂದೆ ಹೋದೆ. ಚೀಟಿ ಮರೆತೇಹೋಗಿತ್ತು. "ಪ್ರೆಸ್ಸಿಗೆ ಕೊಟ್ಟ ಅಕ್ಷರ ಇವರದು. ಅದರಾಗಿನ ಮಾತು ಒಂದೂ ಬಿಡದಂಗ ನಂದು. ಪರವಾನಗಿ ಯಾರನ್ನೂ ಕೇಳಿಲ್ಲ. ಈ ಕಥಿಯೊಳಗ ಅಂಬಿಗ ಗಂಡಸಲ್ಲ" ಎಂದೆ. ಪುಸ್ತಕ ತೆರೆದು, ಯಾರೂ ಹತ್ತದ ಹರಿಗೋಲನ್ನು ತಿಪ್ಪವ್ವ ಮೊದಲ ಸಲ ನಡುನೀರಿಗೆ ಒಯ್ಯುವ ಭಾಗವನ್ನು ಓದಿದೆ. ಮೊದಲ ಸಾಲುಗಳಲ್ಲಿ ನಗು ಇನ್ನೂ ಅಲ್ಲಲ್ಲಿ ಇತ್ತು. ಆಮೇಲೆ ಇರಲಿಲ್ಲ. ಓದಿ ನಿಲ್ಲಿಸಿದಾಗ ರುಮಾಲು ಸುತ್ತಿದ ಒಬ್ಬ ಮುದುಕರು ಕೂತಲ್ಲಿಂದಲೇ ಕೇಳಿದರು: "ಯವ್ವಾ, ಮುಂದ ಯಾರರ ಹತ್ತಿದ್ರೇನು?"

"ಓದಿ ನೋಡ್ರಿ ಯಪ್ಪಾ" ಎಂದೆ. ಆ ದಿನ ನನ್ನ ಕಾದಂಬರಿಯ ಬಗ್ಗೆ ಬಂದ ಪ್ರಶ್ನೆ ಅದೊಂದೇ.

ಮರುದಿನದ ಪತ್ರಿಕೆಯಲ್ಲಿ ನಮ್ಮವರು ಹಾರ ಹಾಕಿಸಿಕೊಂಡು ಪುಸ್ತಕ ಸ್ವೀಕರಿಸುವ ಚಿತ್ರ ಬಂತು. ಕೆಳಗೆ "ಸಾಹಿತಿಗೆ ಸನ್ಮಾನ" ಎಂದಿತ್ತು. ನನ್ನ ಭಾಷಣದ ಸುದ್ದಿ ಇರಲಿಲ್ಲ.

ಈಗ ಜಗಳದ ಮಾತು. ನಮ್ಮವರು ಹೇಳುವುದು, ನಾನು ಏನೂ ಹೇಳಲಿಲ್ಲವಂತೆ. ಅವರೇ ಮೊದಲು ಶಾಲು ಒಡ್ಡಿ, "ಹಾಕಿಲ್ಲಿ, ಹೋಗಿ ಮಾತಾಡು" ಎಂದರಂತೆ. ಆ ದಿನದ ದಿನಚರಿ ತೆಗೆದು ನೋಡಿದೆ. ದಣಿವಿಗೆ ಮೂರೇ ಸಾಲು ಗೀಚಿದ್ದೇನೆ. ಉಡಿಯಕ್ಕಿ ಅವರ ಶಾಲಿಗೆ ಹೋಯಿತೆಂದಿದೆ, ಯಾರು ಮೊದಲೆಂದು ಇಲ್ಲ. ಹುಸೇನ್‌ಬೀಯನ್ನು ಕೇಳಿದರೆ, "ಇಬ್ರೂ ಸುಳ್ಳು ಹೇಳ್ತೀರಿ. ನೀ ಕಣ್ಣು ಕೆಕ್ಕರಿಸಿದಿ, ಪಾಪ ಅವರು ಅಂಜಿ ಒಡ್ಡಿದ್ರು" ಎನ್ನುತ್ತಾಳೆ.

ಅವರು ಸುಳ್ಳು ಹೇಳುವ ಮನುಷ್ಯರಲ್ಲ. ನನ್ನ ನೆನಪೇ ನನಗೆ ಬೇಕಾದಂತೆ ಬಾಗಿದ್ದರೂ ಬಾಗಿರಬಹುದು. ಆದರೆ ಒಂದು ಮಾತು ಖಂಡಿತ. ಈ ಪ್ರಸಂಗವನ್ನು ಯಾರಿಗೆ ಹೇಳಿದರೂ, "ಎಂಥಾ ಗಂಡನ್ನ ಪಡದೀಯವ್ವಾ! ಮಂದಿ ಮುಂದ ಶಾಲು ಒಡ್ಡಿ ಕುಂತ್ರಲ್ಲ!" ಎನ್ನುತ್ತಾರೆ. ಅಲ್ಲಿಗೂ ಹಾರ ಅವರ ಕೊರಳಿಗೇ. ತಿಪ್ಪವ್ವನ ಹರಿಗೋಲಿಗೆ ಕೊನೆಗೆ ಯಾರು ಹತ್ತಿದರೆಂದು ಯಾರೂ ಕೇಳುವುದಿಲ್ಲ. ಅದಕ್ಕೇ ಈ ಸಿಟ್ಟು ಆರಿಲ್ಲ. ಆರಲಿ ಎಂದು ನಾನೂ ಬಯಸಿಲ್ಲ.

ಎರಡನೆಯ ಕಾದಂಬರಿಯನ್ನು ಕಳೆದ ವರ್ಷ ಅದೇ ಪ್ರೆಸ್ಸಿಗೆ ಕೊಟ್ಟೆ. ಶುದ್ಧಪ್ರತಿಯನ್ನೂ ನಾನೇ ಬರೆದೆ. ವಾರವಾಗುವಷ್ಟರಲ್ಲಿ ಮಾಲೀಕರು ಕಾಗದಗಳ ಕಟ್ಟು ಹಿಡಿದು ದೇವದುರ್ಗಕ್ಕೇ ಬಂದರು. "ಯವ್ವಾ, ನಮ್ಮ ಹುಡುಗ್ರಿಗೆ ಒಂದು ಸಾಲೂ ತಿಳೀವಲ್ದು. ಸರ್ ಕೈಲೆ ಒಮ್ಮಿ ಬರಸಿ ಕೊಟ್ರ ಛಲೋ ಆಗ್ತಿತ್ತು."

ನಮ್ಮವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ.

"ಬರಸೂದಿಲ್ರಿ. ತಿಳೀದಿದ್ರ ನನ್ನ ಕೇಳ್ರಿ, ಹೇಳ್ತೀನಿ" ಎಂದು ಚಹಾಕ್ಕಿಟ್ಟೆ. ಮಾಲೀಕರು ಕಟ್ಟೆಯ ಮೇಲೆ ಕೂತು, ಕನ್ನಡಕ ಏರಿಸಿ, ಮೊದಲ ಪುಟದ ಮೊದಲ ಸಾಲಿಗೆ ಬೆರಳಿಟ್ಟು ಕೇಳತೊಡಗಿದರು: "ಇಲ್ಲಿ ಏನು ಬರದೀರವ್ವಾ ನೀವು?"