ಮೆದೆ ಸುಟ್ಟ ರಾತ್ರಿ ನಾನೆಲ್ಲಿದ್ದೆ?

ಇದನ್ನು ನಂಬಿ ಎಂದು ನಾನು ಯಾರನ್ನೂ ಕೇಳಿಕೊಳ್ಳುವುದಿಲ್ಲ. ಹಾಗೆ ಕೇಳುವ ಯೋಗ್ಯತೆ ನನಗೆ ಉಳಿದಿಲ್ಲ. ಆದರೆ ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹೇಳುತ್ತಿದ್ದೇನೆ. ನಡೆದದ್ದು ಹೀಗೇ.

ಎಂಬತ್ತರ ದಶಕದ ಮಾತು. ಕಾಮಸಮುದ್ರದಿಂದ ಒಂದೂವರೆ ಮೈಲಿ ಒಳಗೆ ನಮ್ಮೂರು. ನಾನು ಕೆ.ಜಿ.ಎಫ್.ನ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೆ. ಸೆಕೆಂಡ್ ಶಿಫ್ಟ್ ಮುಗಿಯುವುದು ರಾತ್ರಿ ಹನ್ನೊಂದಕ್ಕೆ. ಫ್ಯಾಕ್ಟರಿ ಬಸ್ಸು ಕಾಮಸಮುದ್ರದಲ್ಲಿ ಇಳಿಸಿದರೆ, ಅಲ್ಲಿಂದ ಕೆರೆ ಏರಿಯ ಮೇಲೆ ಒಬ್ಬನೇ ನಡೆಯಬೇಕು.

ಆವತ್ತು ವೈಕುಂಠ ಏಕಾದಶಿ. ಊರಿನ ಅರ್ಧ ಜನ ಜಾಗರಣೆಗೆಂದು ದೇವಸ್ಥಾನದಲ್ಲಿದ್ದರು. ಏರಿಯವರೆಗೂ ಭಜನೆಯ ತಾಳ ಸಣ್ಣಗೆ ಕೇಳಿಸುತ್ತಿತ್ತು. ಒಳ್ಳೆಯ ಬೆಳದಿಂಗಳು. ಚಳಿಗೆ ಅವರೆ ಹೊಲಗಳ ಸೊಗಡು ಮೂಗಿಗೆ ಅಡರುತ್ತಿತ್ತು.

ಏರಿ ಇಳಿದ ತಕ್ಷಣ ಚೌಡಪ್ಪನ ಕಣ. ಆ ವರ್ಷದ ರಾಗಿಯನ್ನೆಲ್ಲ ಕೊಯ್ದು ಅಲ್ಲಿ ಮನೆಯೆತ್ತರ ಮೆದೆ ಹಾಕಿದ್ದ. ಮೆದೆಯ ನೆರಳಲ್ಲಿ ಯಾರೋ ಕುಕ್ಕರಗಾಲಿನಲ್ಲಿ ಕೂತಿದ್ದರು…

"ಯಾರ್ಲಾ ಅದು?" ಎಂದೆ.

"ನಾನೇ ಕಣ್ಲಾ ನಾಣಿ. ಬಾ."

ಮುನಿರಾಜು! ನನ್ನ ಹೆಸರು ನಾರಾಯಣಸ್ವಾಮಿ. ನಾಣಿ ಎಂದು ಕರೆಯುವವನು ಅವನೊಬ್ಬನೇ. ಒಂದನೇ ಕ್ಲಾಸಿನಿಂದ ಒಟ್ಟಿಗೆ ಬೆಳೆದವರು ನಾವು. ಎದ್ದು ಬೆಳದಿಂಗಳಿಗೆ ಬಂದ. ಅದೇ ಮುಖ, ಅದೇ ದಪ್ಪ ದನಿ. ಎಡಹುಬ್ಬಿನ ಮೇಲೆ ಚಿನ್ನಿದಾಂಡು ಆಡುವಾಗ ನನ್ನಿಂದಲೇ ಆದ ಗಾಯದ ಗೆರೆ. ತಲೆಯಿಂದ ಹರಳೆಣ್ಣೆಯ ವಾಸನೆ ಬರುತ್ತಿತ್ತು.

"ಇಷ್ಟೊತ್ನಲ್ಲಿ ಏನ್ಲಾ ಇಲ್ಲಿ?"

"ಈಗ ಕರೆಂಟ್ ಬಂತು. ನೀರು ಕಟ್ಟಕ್ ಬಂದೆ."

ಬೊಗಸೆ ತುಂಬ ಹುರಿದ ಕಡಲೆಕಾಯಿ ಕೊಟ್ಟ. ಇನ್ನೂ ಬಿಸಿಯಾಗಿದ್ದವು. ಎರಡು ಬಿಡಿಸಿ ಬಾಯಿಗೆ ಹಾಕಿಕೊಂಡೆ, ಉಳಿದದ್ದನ್ನು ಜೇಬಿಗೆ ಸುರಿದುಕೊಂಡೆ.

"ನೀನು ಓಗು, ಚಳಿ. ನಾನು ಆಮ್ಯಾಕೆ ಬತ್ತೀನಿ" ಎಂದ.

ಹತ್ತು ಹೆಜ್ಜೆ ಬಂದ ಮೇಲೆ ಏನೋ ಕಮ್ಮಿಯಾದಂತೆ ಅನ್ನಿಸಿತು… ಕರೆಂಟ್ ಬಂದಿದ್ದರೆ ಕೇಳಿಸಬೇಕಿದ್ದ ಪಂಪಿನ ಮೋಟರಿನ ಸದ್ದು ಸುತ್ತ ಎಲ್ಲೂ ಇರಲಿಲ್ಲ. ತಿರುಗಿ ನೋಡಿದೆ. ಮೆದೆಯ ಕಡೆ ಮುಖ ಮಾಡಿ ನಿಂತಿದ್ದ.

ಮನೆಗೆ ಬಂದಾಗ ಅವ್ವ ಕದ ತೆಗೆದು, ಉಪ್ಪಿಟ್ಟು ಬಿಸಿ ಮಾಡಿ ಇಕ್ಕಿದಳು. ತಿಂದು ಮಲಗಿದೆ. ಗಂಟೆ ಕಳೆದಿತ್ತೋ ಇಲ್ಲವೋ, ಹೊರಗೆ ಕೂಗಾಟ. ಓಡಿ ಹೋಗಿ ನೋಡಿದರೆ ಚೌಡಪ್ಪನ ಮೆದೆ ಧಗಧಗ ಉರಿಯುತ್ತಿತ್ತು. ಕೊಡಗಳಲ್ಲಿ ನೀರು ತಂದು ಹಾಕಿದೆವು. ಏನೂ ಉಳಿಯಲಿಲ್ಲ. ರಾಗಿ ಹುರಿದಂತೆ ಘಮ್ಮೆನ್ನುವ ವಾಸನೆ… ಬೆಂಕಿಯ ವಾಸನೆ ಅಷ್ಟು ಹಿತವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಕಣದ ಆಚೆ ಬದಿಯ ಗುಡಿಸಲಿನಲ್ಲಿ ಕಾವಲಿಗೆ ಮಲಗಿದ್ದ ಚೌಡಪ್ಪನ ತಾಯಿ, ಉರಿಯುವ ಕಟ್ಟುಗಳನ್ನು ಎಳೆದು ಹಾಕಲು ಹೋಗಿ ಎರಡೂ ಅಂಗೈ ಸುಟ್ಟುಕೊಂಡಿದ್ದಳು.

ಚೌಡಪ್ಪನೂ ಮುನಿರಾಜುವೂ ದಾಯಾದಿಗಳು. ಬದುವಿನ ಜಗಳ ಹಳೆಯದು. "ನಿನ್ ಮೆದೆಗೆ ಬೆಂಕಿ ಬೀಳ" ಎಂದು ಹಿಂದಿನ ವಾರವಷ್ಟೇ ಮುನಿರಾಜು ಎಲ್ಲರೆದುರು ಕೂಗಾಡಿದ್ದ.

ಬೆಳಿಗ್ಗೆ ಸ್ಕೂಲಿನ ಜಗಲಿಯ ಮೇಲೆ ಪಂಚಾಯ್ತಿ ಸೇರಿತು. ಕಣದಲ್ಲಿ ಮುನಿರಾಜು ಸಿಕ್ಕಿದ್ದನ್ನು ಅವ್ವನಿಗೆ ಹೇಳಿದ್ದೆ. ನಾನು ಹೊರಡುವಾಗ ಅವಳು ಪಿಸುಗುಟ್ಟಿದಳು: "ನೀನು ಏನೂ ನೋಡಿಲ್ಲ ಅಂದ್ಬಿಡು." ಹಾಗೇ ಅನ್ನೋಣ ಎಂದುಕೊಂಡೇ ಹೋದೆ. ನಿಜವಾಗಿ ಕಂಡೆನೋ ಕನಸೋ ಎಂಬ ಅನುಮಾನವೂ ಇತ್ತು. ಜೇಬಿಗೆ ಕೈ ಹಾಕಿದೆ. ಕಡಲೆಕಾಯಿ ಇತ್ತು.

ಬಾಳೆಲೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಆ ಮುದುಕಿ ಅಲ್ಲೇ ಕೂತಿದ್ದಳು. ಅಳುತ್ತಿರಲಿಲ್ಲ. ಸುಮ್ಮನೆ ಕೈ ನೋಡಿಕೊಳ್ಳುತ್ತಿದ್ದಳು.

ಮುನಿರಾಜು ಬೆಳಗಿನ ಬಸ್ಸಿನಿಂದ ಇಳಿದು ನೇರ ಅಲ್ಲಿಗೆ ಬಂದ. ಕಣ್ಣು ಕೆಂಪಾಗಿದ್ದವು. ಅವನ ಅಕ್ಕನ ಮನೆ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್ ಗಣಿಯ ಕಾರ್ಮಿಕರ ಲೈನಿನಲ್ಲಿತ್ತು. ಬಾವ ಗಣಿ ಕೆಲಸಗಾರ. ರಾತ್ರಿ ಬಾವನಿಗೆ ಉಸಿರು ಸಿಗದೆ ಅಲ್ಲಿನ ಆಸ್ಪತ್ರೆಗೆ ಸೇರಿಸಿದ್ದರಂತೆ. "ರಾತ್ರಿಯೆಲ್ಲ ಅಲ್ಲೇ ಇದ್ದೆ" ಎಂದ.

"ಅಕ್ಕ ತಮ್ಮನ ಪರ ಯೇಳದೆ ಇನ್ನೇನ್ ಯೇಳ್ತಾಳೆ?" ಎಂದ ಚೌಡಪ್ಪ. "ಬೇರೆ ಯಾರ್ ನೋಡವ್ರೆ, ಯೇಳು."

ಮುನಿರಾಜು ನನ್ನ ಕಡೆ ತಿರುಗಿದ. ಅವನ ಮುಖ ಹಗುರಾಯಿತು. ಸಣ್ಣಗೆ ನಕ್ಕ ಕೂಡ.

ನಾನು ಎದ್ದೆ. ಕಂಡದ್ದನ್ನು ಕಂಡ ಹಾಗೇ ಹೇಳಿದೆ. ಕಣ, ಮೆದೆಯ ನೆರಳು, ಆಡಿದ ಮಾತು, ಕೇಳಿಸದ ಮೋಟರು. ಜೇಬಿನಿಂದ ಕಡಲೆಕಾಯಿ ತೆಗೆದು ಜಗಲಿಯ ಮೇಲಿಟ್ಟೆ.

ಮುನಿರಾಜುವಿನ ನಗು ಹಾಗೇ ನಿಂತುಹೋಗಿತ್ತು.

"ನಾಣಿ… ಏನ್ಲಾ ಇದು?" ಎಂದ. "ನೀನೇ ನನ್ ಜತೆ ಆಸ್ಪತ್ರೆಲಿ ಇದ್ಯಲ್ಲಾ! ಶಿಫ್ಟ್ ಮುಗ್ಸಿ ಬಂದು, ಮೂರ್ ಗಂಟೆ ತನಕ ನನ್ ಪಕ್ಕದಾಗೆ ಕೂತಿದ್ಯಲ್ಲಾ! ಯೇಳ್ಲಾ ಇವ್ರಿಗೆ!"

ಮೈ ಉರಿದುಹೋಯಿತು. ಹಸಿಹಸಿ ಸುಳ್ಳು, ಅದೂ ನನ್ನ ಹೆಸರಿನಲ್ಲಿ! ಸ್ನೇಹದ ಹೆಸರು ಹೇಳಿ ನನ್ನನ್ನು ಸುಳ್ಳು ಸಾಕ್ಷಿಗೆ ಎಳೆಯುತ್ತಿದ್ದಾನೆ ಎನ್ನಿಸಿತು. ಆ ಮುದುಕಿಯ ಕೈ ಸುಟ್ಟ ಮೇಲೂ…

"ನಾನು ಆಸ್ಪತ್ರೆ ಮೆಟ್ಲೂ ಹತ್ತಿಲ್ಲ" ಎಂದೆ.

ಅವನು ಕೂತುಬಿಟ್ಟ. ಆಮೇಲೆ ಯಾರು ಏನು ಕೇಳಿದರೂ ಬಾಯಿ ಬಿಡಲಿಲ್ಲ. ಜೀವದ ಗೆಳೆಯನೇ ಹೇಳಿದ ಮೇಲೆ ಇನ್ನೇನು ವಿಚಾರಿಸುವುದು ಎಂದರು ಹಿರಿಯರು. ಅವನ ಮನೆಗೆ ಬೆಂಕಿ, ನೀರು ಕೊಡುವುದು ನಿಂತಿತು. ಡೇರಿಯಲ್ಲಿ ಅವನ ಹಾಲು ಹಾಕಿಸಿಕೊಳ್ಳಲಿಲ್ಲ. ಹೆಂಡತಿ ಕ್ಯಾನು ಹಿಡಿದು ಬಂದು, ಹಾಗೇ ವಾಪಸು ಹೋಗುವುದನ್ನು ನಾನೇ ನೋಡಿದೆ. ತಿಂಗಳೊಳಗೆ ಹಸು ಮಾರಿ, ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟ.

ಗೆಳೆಯ ಕೈಕೊಟ್ಟ ಎಂದು ನಾನೂ ಕೊರಗಿದೆ. ಸತ್ಯ ಹೇಳಿದ್ದೇನಲ್ಲ ಎಂಬ ಒಂದೇ ಸಮಾಧಾನ.

ಆಷಾಢದಲ್ಲಿ ಅವ್ವನಿಗೆ ಜ್ವರ ಬಂದು ಅದೇ ಆಸ್ಪತ್ರೆಗೆ ಸೇರಿಸಬೇಕಾಯಿತು. ಒಂದು ಸಂಜೆ, ವಾರ್ಡಿನ ಆಯಾ ಬಂದಳು. ತಮಿಳಿನವಳು, ಸೆಲ್ವಿಯಮ್ಮ ಎಂದು ಹೆಸರು. ನನ್ನನ್ನು ನೋಡಿದವಳೇ ಮುಖವರಳಿಸಿ ನಕ್ಕಳು.

"ಏನ್ ತಂಬಿ, ಚೆನ್ನಾಗಿದ್ದೀಯಾ? ನಿನ್ ಫ್ರೆಂಡು ಮುನಿರಾಜು ಹೆಂಗವ್ನೆ? ಅವ್ನ ಬಾವ ಬದುಕ್ಕೊಂಡ, ಅಲ್ವಾ?"

ನಾನು ಅವಳನ್ನು ಅದಕ್ಕೆ ಮೊದಲು ನೋಡಿರಲೇ ಇಲ್ಲ.

"ನೀವು ಬೇರೆ ಯಾರನ್ನೋ…"

"ಅಯ್ಯೋ ಸಾಮಿ! ವೈಕುಂಠ ಏಕಾದಶಿ ರಾತ್ರಿ, ಸ್ಟಾಫೆಲ್ಲಾ ಪೂಜೆಗೆ ಕೋವಿಲ್‌ಗೆ ಹೋಗ್ಬಿಟ್ಟಿದ್ರು, ನಾನ್ ಒಬ್ಳೇ ಡ್ಯೂಟಿ. ಅವ್ನು ಅಳ್ತಿದ್ದ, ನೀನು ಬೆನ್ನು ಸವರ್ತಾ ಕೂತಿದ್ದೆ. ಹೊರಗಡೆಯಿಂದ ಟೀ ತಂದು ನನಗೂ ಒಂದು ಲೋಟ ಕೊಟ್ಟೆ. ಮರ್ತೋಯ್ತಾ?"

ಹಾಸಿಗೆಯಿಂದ ಅವ್ವ ತಲೆ ಎತ್ತಿದಳು. "ಅವತ್ತು ನನ್ ಮಗ ಮನೇಲಿದ್ದ ಕಣಮ್ಮ. ಕದ ತೆಗ್ದವ್ಳು ನಾನು. ಉಪ್ಪಿಟ್ಟು ಇಕ್ದವ್ಳು ನಾನು."

"ಇಲ್ಲಮ್ಮಾ. ಈ ಕಣ್ಣಿಂದ ನೋಡಿದೀನಿ. ಈ ಕೈಯಿಂದ ಲೋಟ ಈಸ್ಕೊಂಡಿದೀನಿ."

"ನನ್ ಮಗನ್ನ ನಾನು ಕಾಣೆನಾ?"

ಇಬ್ಬರು ಹೆಂಗಸರು ನನ್ನ ಎದುರಿಗೇ ನನ್ನ ವಿಷಯಕ್ಕೆ ಜಗಳವಾಡುತ್ತಿದ್ದರು. ಇಬ್ಬರಿಗೂ ಸುಳ್ಳು ಹೇಳುವ ಗರಜಿರಲಿಲ್ಲ. ನಾನು ನಡುವೆ ನಿಂತಿದ್ದೆ.

ಸೆಲ್ವಿಯಮ್ಮ ಹೇಳುವುದು ನಿಜವಾದರೆ ಮುನಿರಾಜು ಸುಳ್ಳು ಹೇಳಿರಲಿಲ್ಲ. ಪಂಚಾಯ್ತಿಯಲ್ಲಿ ನನ್ನ ಕಡೆ ತಿರುಗಿ ಅವನು ನಕ್ಕದ್ದು, ನಾನು ಉಳಿಸುತ್ತೇನೆ ಎಂಬ ಧೈರ್ಯದಿಂದ.

ಹಾಗಾದರೆ ಕಣದಲ್ಲಿ ನನಗೆ ಕಡಲೆಕಾಯಿ ಕೊಟ್ಟವನು ಯಾರು? ಅವನ ಪಕ್ಕದಲ್ಲಿ ಕೂತು ಬೆನ್ನು ಸವರಿದವನು ಯಾರು?

ಆ ರಾತ್ರಿಯೇ ಹುಡುಕಿಕೊಂಡು ಹೋದೆ. ಮುನಿರಾಜು ಅಲ್ಲೇ ಕೆ.ಜಿ.ಎಫ್.ನ ನಂದಿದುರ್ಗ ಗಣಿಯ ಲೈನಿನಲ್ಲಿ ಒಂದು ಸಣ್ಣ ಮನೆ ಹಿಡಿದಿದ್ದ. ತಗಡಿನ ಬಾಗಿಲು. ಅರ್ಧ ತೆಗೆದು, ಒಳಗೆ ಕರೆಯದೆ ನಿಂತ. ಬಡವಾಗಿದ್ದ.

ಎಲ್ಲ ಹೇಳಿದೆ. ಆಯಾ ಹೇಳಿದ್ದು, ಅವ್ವ ಹೇಳಿದ್ದು. "ಮುನಿ, ನಾನು ಸುಳ್ಳು ಹೇಳ್ಲಿಲ್ಲ ಕಣ್ಲಾ. ಕಣ್ಣಾರೆ ಕಂಡಿದ್ದೇ ಹೇಳ್ದೆ."

"ಗೊತ್ತು" ಎಂದ. "ದುಡ್ಡಿಗೋ ಕಾಸಿಗೋ ಸುಳ್ಳು ಯೇಳಿದ್ರೆ ಒಂದಿನ ಮರ್ತುಬಿಡ್ತಿದ್ದೆ. ಕಣದಾಗೆ ನೀನು ಕಂಡಿದ್ದು ಒಂದ್ ಗಳಿಗೆ. ಹುಟ್ದಾಗಿಂದ ನನ್ನ ಕಂಡಿದ್ಯಲ್ಲಾ… ಅದು ಲೆಕ್ಕಕ್ಕೇ ಬರ್ಲಿಲ್ವಾ ನಿಂಗೆ?"

ಒಂದು ಮಾತು ಮಾತ್ರ ಕೇಳಲೇಬೇಕಿತ್ತು. "ಆವತ್ತು ಆಸ್ಪತ್ರೆಗೆ ಬಂದೋನು… ನಾನೇ ಅಂತ ಹೆಂಗ್ ಗೊತ್ತಾಯ್ತು ನಿಂಗೆ?"

"ಕೈ ಕೊಡು" ಎಂದ ಅವನು.

ಕೊಟ್ಟೆ. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಅಂಗೈ ಒತ್ತಿದ. ಅವನ ಉಸಿರಾಟ ನನಗೆ ಕೇಳಿಸುತ್ತಿತ್ತು.

"ಅವನ್ದೂ ಹಿಂಗೇ ಬೆಚ್ಚಗಿತ್ತು" ಎಂದು ಮೆಲ್ಲಗೆ ಹೇಳಿ ಕೈ ಬಿಟ್ಟ. "ಅವನು ಒಳ್ಳೇನು ಕಣ್ಲಾ. ನಿನಗಿಂತ ಒಳ್ಳೇನು."

ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಅವನ ಹೆಂಡತಿಯ ದನಿ ಕೇಳಿತು: "ಯಾರ್ ಬಂದಿದ್ದು?"

"ಯಾರೂ ಇಲ್ಲ."

ಸಿಟ್ಟಿಗೆ ಹಾಗೆ ಅಂದನೋ, ಅಥವಾ ನಿಜವಾದ ನಾಣಿ ನಾನಲ್ಲ ಎಂದೋ… ಬೇಡ. ಆ ಮೆದೆಗೆ ಬೆಂಕಿ ಇಟ್ಟವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಆವತ್ತು ಆ ಗಲ್ಲಿ ದಾಟುವವರೆಗೂ, ನನ್ನ ಚಪ್ಪಲಿಯ ಸದ್ದು ಕೇಳಿಸುತ್ತಿದೆಯೋ ಇಲ್ಲವೋ ಎಂದು ಪ್ರತಿ ಹೆಜ್ಜೆಗೂ ಕಿವಿಗೊಟ್ಟುಕೊಂಡೇ ನಡೆದೆ.