ಮಣೆಯ ಅಡಿಯಲ್ಲಿದ್ದ ಬೀದಿ

ಮೊನ್ನೆ ಅಡುಗೆಮನೆಯ ಡ್ರಾಯರ್ ಖಾಲಿ ಮಾಡುವಾಗ ಮೂಲೆಯಲ್ಲಿ ಒಂದು ಮರದ ಸೌಟು ಸಿಕ್ಕಿತು. ಅದರ ಬೆನ್ನಿಗೆ ಕಪ್ಪು ಹತ್ತಿದೆ. ನೋಡಿದವರು ಸಾರು ತಳ ಹಿಡಿದಾಗ ಸುಟ್ಟಿದ್ದು ಅಂದುಕೊಳ್ಳಬಹುದು. ನನ್ನ ಅಡುಗೆಯ ಖ್ಯಾತಿ ಬಲ್ಲವರಂತೂ ಖಂಡಿತ ಹಾಗೆಯೇ ಅಂದುಕೊಳ್ಳುತ್ತಾರೆ. ಆದರೆ ಅದು ಅಚ್ಚಿನ ಮಸಿ. ಮೂಗಿಗೆ ಹಿಡಿದರೆ ವಾಸನೆ ಇನ್ನೂ ಸ್ವಲ್ಪ ಉಳಿದಿತ್ತು... ಗದಗಿನಲ್ಲಿದ್ದ ಅಪ್ಪನ ಪ್ರಿಂಟಿಂಗ್ ಪ್ರೆಸ್ಸಿನ ವಾಸನೆಯೇ. ಆದರೂ ನೆನಪಿಗೆ ಬಂದದ್ದು ಅಪ್ಪನಲ್ಲ, ಇಲ್ಲಿ ಲಂಡನ್ನಿನ ರೇನರ್ಸ್ ಲೇನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಪೋಲಿಷ್ ಅಜ್ಜಿ.

ನಾವು ಈ ಮನೆಗೆ ಬಂದು ಒಂದು ವಾರವಾಗಿತ್ತು. ಡಾಕ್ಟರಾಗಿರುವ ಯಜಮಾನರು ಆಸ್ಪತ್ರೆಗೆ ಡ್ಯೂಟಿಗೆ ಹೋಗಿದ್ದರು, ನಾನು ಹಿಂಬಾಗಿಲು ತೆರೆದಿಟ್ಟು ಚಪಾತಿ ಬೇಯಿಸುತ್ತಿದ್ದೆ. ಬೇಲಿಯಾಚೆಯಿಂದ ಬೆಳ್ಳಿಗೂದಲಿನ ತಲೆಯೊಂದು ಮೇಲೆದ್ದು, "ಪೋಳಿ?" ಎಂದಿತು. ಮರಾಠಿಯವರು ಚಪಾತಿಗೆ ಹೇಳುವ ಹೆಸರು. ಬಿಳಿ ಹೆಂಗಸಿನ ಬಾಯಲ್ಲಿ ಅದನ್ನು ಕೇಳಿ ನಾನು ಬೆಪ್ಪಾಗಿ ನಿಂತೆ, ಹಂಚಿನ ಮೇಲಿದ್ದದ್ದು ಕರಕಾಯಿತು. ಎರಡನೆಯ ಮಹಾಯುದ್ಧದಲ್ಲಿ ನೆಲೆ ಕಳೆದುಕೊಂಡ ಪೋಲಿಷ್ ಕುಟುಂಬಗಳಿಗೆ ಕೊಲ್ಲಾಪುರದ ಹತ್ತಿರ ಒಂದು ಶಿಬಿರ ಮಾಡಿದ್ದರಂತೆ. ಅಜ್ಜಿ ಹತ್ತು ವರ್ಷದ ಹುಡುಗಿಯಾಗಿ ತಾಯಿಯ ಜೊತೆ ಅಲ್ಲಿಗೆ ಬಂದು, ಕೆಲವು ವರ್ಷ ಇದ್ದು, ಅಲ್ಲಿಂದಲೇ ಇಂಗ್ಲೆಂಡಿಗೆ ಹಡಗು ಹತ್ತಿದ್ದರು. ನಮ್ಮ ಕಡೆಯವರಿಗೆ ಕೊಲ್ಲಾಪುರ ಎಂದರೆ ದೇವಿಯ ದರ್ಶನಕ್ಕೆ ಹೋಗಿಬರುವ ಊರು. ಅರ್ಧ ಗಂಟೆಯೊಳಗೆ ನಾವು ಒಂದೇ ಸೀಮೆಯವರಾಗಿಬಿಟ್ಟೆವು. ಅಂದಿನಿಂದ ನನಗೆ ಅವರು ಅಜ್ಜಿ, ನನ್ನ ಮಗಳಿಗೆ 'ಆಜಿ'. ಅವರಿಗೆ ನಾನು 'ಡಿಯರ್'. ಅವರು ಮಾತಾಡುತ್ತಿದ್ದದ್ದು ಇಂಗ್ಲಿಷ್, ಆದರೆ ಯಾಕೋ ನನಗೆ ಅವರ ಮಾತೆಲ್ಲ ಕನ್ನಡದಲ್ಲೇ ನೆನಪಿದೆ.

ಮಂಗಳವಾರಗಳಂದು ಅವರ ಅಡುಗೆಮನೆಯಲ್ಲಿ ಕೂಡುತ್ತಿದ್ದೆವು. ಪಾರ್ಕ್ ರಾಯಲ್‌ನ ಬ್ರೆಡ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದವರು. ಹಿಟ್ಟಿನ ವಿಷಯದಲ್ಲಿ ನನ್ನನ್ನು ಯಾವತ್ತೂ ಒಪ್ಪಲಿಲ್ಲ. ಅವರು ಆಲೂಗಡ್ಡೆ ತುಂಬಿದ ಒಂದು ತಿಂಡಿ ಮಾಡುತ್ತಿದ್ದರು, ಆಕಾರ ನಮ್ಮ ಕರಿಗಡಬಿನದೇ, ಬೇಯಿಸುವುದು ಮಾತ್ರ ನೀರಿನಲ್ಲಿ. ಅದನ್ನು ಲಟ್ಟಿಸುವ ಮಣೆ ಎರಡು ಗೇಣು ಉದ್ದದ ದಪ್ಪ ಹಲಗೆ. ಅಡಿಯಲ್ಲಿ ಯಾವಾಗಲೂ ಮಡಚಿದ ಟವೆಲ್. ಒಂದು ದಿನ ತೊಳೆಯಲೆಂದು ಎತ್ತಿದರೆ ಬೆರಳಿಗೆ ಗೆರೆಗಳು ತಾಗಿದವು. ತಿರುಗಿಸಿದೆ. ಮರದಲ್ಲಿ ಕೊರೆದ ಒಂದು ಇಡೀ ಬೀದಿ! ತುದಿಯಲ್ಲಿ ಚರ್ಚು, ಎರಡೂ ಕಡೆ ಒಂದೇ ಥರದ ಸಾಲುಮನೆಗಳು. ಚರ್ಚಿನಿಂದ ಈಚೆಗೆ ಎಡಸಾಲಿನ ಮೂರನೆಯ ಮನೆಗೆ ಮಾತ್ರ ಬಾಗಿಲ ಮೇಲೊಂದು ಗೂಡು, ಅದರಲ್ಲಿ ಪುಟ್ಟ ಮೇರಿ ಮಾತೆ. "ಇದು ನಮ್ಮ ಮನೆ," ಎಂದು ಅಜ್ಜಿ ಅದರ ಮೇಲೆ ಬೆರಳಿಟ್ಟರು.

ಅವರ ತಂದೆ ಮರದಲ್ಲಿ ಚಿತ್ರ ಕೊರೆದು ಅಚ್ಚು ಹಾಕುವ ಕಲಾವಿದರು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಆ ಭಾಗದ ಕವಿಗಳು, ಕತೆಗಾರರು ಸೇರಿ ಸಣ್ಣಪುಟ್ಟ ಪತ್ರಿಕೆಗಳನ್ನು ತರುತ್ತಿದ್ದರಂತೆ. ಮುಖಪುಟವೆಲ್ಲ ತಂದೆಯವರದೇ. ಪೋಲೆಂಡ್ ಎಂಬ ದೇಶವೇ ಆಗ ನಕ್ಷೆಯಲ್ಲಿ ಇರಲಿಲ್ಲ, ಮೂರು ಸಾಮ್ರಾಜ್ಯಗಳು ಹಂಚಿಕೊಂಡಿದ್ದವು.

"ನಕ್ಷೆಯಲ್ಲಿ ಜಾಗ ಇರಲಿಲ್ಲ. ಅದಕ್ಕೇ ಪುಸ್ತಕದಲ್ಲಿ ಇಟ್ಟುಕೊಂಡಿದ್ದರು," ಎನ್ನುತ್ತಿದ್ದರು ಅಜ್ಜಿ.

ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಂಬೈ ಪ್ರಾಂತ, ಮದ್ರಾಸ್ ಪ್ರಾಂತ, ನಿಜಾಮರ ಸೀಮೆ ಎಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡನ್ನು ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ ಒಂದು ಮಾಡಿಟ್ಟುಕೊಂಡ ಕಾಲದ ಕತೆಗಳನ್ನು ಅಪ್ಪನ ಪ್ರೆಸ್ಸಿನಲ್ಲಿ ಕೇಳುತ್ತ ಬೆಳೆದವಳು ನಾನು. ಅಜ್ಜಿಯ ಮನೆಯಲ್ಲಿ ಕವಿಗಳು ಸಂಜೆಯೆಲ್ಲ ಕೂತು ಕವಿತೆ ಓದುತ್ತಿದ್ದರಂತೆ. ತಂದೆ ಉಳಿ ಆಡಿಸುತ್ತಲೇ ಕೇಳಿಸಿಕೊಳ್ಳುತ್ತಿದ್ದರಂತೆ. ತಾಯಿ ಮಾತ್ರ ಇಷ್ಟು ಜನಕ್ಕೆ ಸೂಪ್ ಯಾರು ಮಾಡಬೇಕೆಂದು ಗೊಣಗುತ್ತಿದ್ದರಂತೆ. ಸಾಹಿತಿಗಳು ಬಂದು ಹೋಗುವ ಮನೆಯ ಹೆಂಗಸರ ಪಾಡು ಎಲ್ಲ ದೇಶದಲ್ಲೂ ಒಂದೇ.

ಅಜ್ಜಿಗೆ ಆರು ವರ್ಷವಾದಾಗ ಯುದ್ಧ ಬಂತು. ತಂದೆಯನ್ನು ಯಾರೋ ಕರೆದುಕೊಂಡು ಹೋದರು, ಅವರು ಮತ್ತೆ ಬರಲಿಲ್ಲ. ತಾಯಿ-ಮಗಳಿಬ್ಬರನ್ನೂ ರೈಲಿಗೆ ತುಂಬಿ ಸೈಬೀರಿಯಾದ ಕಡೆ ಸಾಗಿಸಿದರು. ಮನೆಯಲ್ಲಿದ್ದ ಅಷ್ಟೊಂದು ಹಲಗೆಗಳಲ್ಲಿ ತಾಯಿ ಎತ್ತಿಕೊಂಡದ್ದು ಒಂದನ್ನು, ಅದೂ ಹಿಟ್ಟು ನಾದಲಿಕ್ಕೆ ಬೇಕಾಗುತ್ತದೆಂದು. ಸೈಬೀರಿಯಾ, ಇರಾನ್, ಕೊಲ್ಲಾಪುರ, ಲಂಡನ್... ಎಲ್ಲ ಕಡೆಯೂ ಅದರ ಬೆನ್ನಿನ ಮೇಲೆ ಹಿಟ್ಟು ನಾದಿದರು. ಅದನ್ನು ಮತ್ತೆ ಅಚ್ಚು ಹಾಕಿದವರಿಲ್ಲ. ಆ ಬೀದಿಯ ಮಾತೆತ್ತಿದರೆ ತಾಯಿ ಎದ್ದು ಹೋಗುತ್ತಿದ್ದರಂತೆ. ಹೀಗಾಗಿ ಅಜ್ಜಿಗೆ ತಮ್ಮ ಊರೆಂದರೆ ಈ ಹಲಗೆಯಲ್ಲಿ ಕಂಡಷ್ಟೇ.

ಅರವತ್ತರ ಹೊತ್ತಿಗೆ ಒಮ್ಮೆ ಅಲ್ಲಿಗೆ ಹೋಗಿದ್ದರು. ಗಡಿ ಸರಿದು ಊರು ಈಗ ಉಕ್ರೇನಿನಲ್ಲಿದೆ. ಪ್ರವಾಸದ ಬಸ್ಸಿನವನು ಒಂದು ಗಂಟೆ ಬಿಡುವು ಕೊಟ್ಟಿದ್ದ. ಅಜ್ಜಿ ಚರ್ಚನ್ನು ಕಂಡುಹಿಡಿದು, ಈಚೆಗೆ ಎಣಿಸುತ್ತ ಬಂದರು: ಎಡಸಾಲು, ಒಂದು, ಎರಡು... ಮೂರನೆಯದರ ಜಾಗದಲ್ಲಿ ಪೆಟ್ರೋಲ್ ಬಂಕ್ ಇತ್ತು. ರಸ್ತೆ ದಾಟಿ ಎದುರಿನ ಮನೆಯ ಮೆಟ್ಟಿಲ ಮೇಲೆ ಕೂತು ಆ ಬಂಕನ್ನು ನೋಡುತ್ತ ಅತ್ತರಂತೆ. ಆಮೇಲೆ ಹಸಿವಾಗಿ ಕಟ್ಟಿಕೊಂಡು ಹೋಗಿದ್ದ ಮೊಟ್ಟೆಯ ಸ್ಯಾಂಡ್‌ವಿಚ್ ತಿಂದರಂತೆ. ಮನೆಯವಳು ಕಿಟಕಿ ತೆರೆದು ಮೆಟ್ಟಿಲಿನಿಂದ ಏಳೆಂದು ಗದರಿದಳಂತೆ. ಈ ಕತೆಯನ್ನು ನಾನು ಪರಿಚಯವಾದ ಮೊದಲ ವರ್ಷವೇ ಕೇಳಿದ್ದೆ. ಆಮೇಲೂ ಎಷ್ಟೋ ಸಲ ಕೇಳಿದೆ, ಪ್ರತಿ ಸಲ ಮೊಟ್ಟೆ ಸ್ಯಾಂಡ್‌ವಿಚ್ಚಿಗೆ ನಗುತ್ತಿದ್ದೆ.

ಹನ್ನೊಂದು ವರ್ಷ ಹೀಗೇ ಹೋಯಿತು. ಅಜ್ಜಿಗೆ ಎಂಬತ್ತೇಳಾಯಿತು. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದೂ ಬಹಳ ದಿನ ಉಳಿಯುವುದಿಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅದೇ ದಿನಗಳಲ್ಲಿ ಮಗಳು ಸ್ಕೂಲಿನ ಆರ್ಟ್ ಕೆಲಸಕ್ಕೆಂದು ಅಚ್ಚಿನ ಮಸಿ, ರೋಲರ್ ತಂದಳು. "ಅಮ್ಮಾ, ಕ್ಯಾನ್ ವೀ ಪ್ರಿಂಟ್ ಆಜೀಸ್ ಬೋರ್ಡ್?" ಎಂದಳು. ಅಜ್ಜಿಯನ್ನು ಕೇಳಿದರೆ ಅವರ ಮುಖ ಅರಳಿತು. ತಂದೆಯ ಚಿತ್ರವನ್ನು ಕಾಗದದ ಮೇಲೆ ಒಮ್ಮೆ ನೋಡಬೇಕು, ಕಣ್ಣಿರುವಾಗಲೇ ನೋಡಬೇಕು ಎಂದರು.

ನನಗೂ ಹುರುಪು. ಪ್ರೆಸ್ಸಿನವರ ಮಗಳಲ್ಲವೇ! "ಅಚ್ಚು ಅಂದ್ರ ಕನ್ನಡಿ ಇದ್ದಂಗ ಐತವ್ವಾ, ತಿರುಗಿಸಿ ಓದಾಕ ಕಲಿ," ಎಂದು ಅಪ್ಪ ಹೇಳಿಕೊಟ್ಟದ್ದು ಐದನೆಯ ವಯಸ್ಸಿಗೆ. ಮೆತ್ತನೆಯ ಬ್ರಷ್ಷಿನಿಂದ ಹಲಗೆಯ ಗೆರೆಗಳೊಳಗಿನ ಹಿಟ್ಟಿನ ಪುಡಿ ತೆಗೆದೆ. ಮಗಳು ಮಸಿ ಸವರಿದಳು. ಕಾಗದ ಹಾಸಿ ಮರದ ಸೌಟಿನ ಬೆನ್ನಿನಿಂದ ಉಜ್ಜಿದೆ. ತುದಿ ಹಿಡಿದು ಎತ್ತಿದಾಗ ಬೀದಿ, ಚರ್ಚು, ಮೋಡಗಳು, ಎಲ್ಲ ಚೊಕ್ಕವಾಗಿ ಮೂಡಿದ್ದವು. ಅಜ್ಜಿ ಭೂತಗನ್ನಡಿ ಹಿಡಿದು ತುಂಬಾ ಹೊತ್ತು ಚಿತ್ರದ ಆಕಾಶವನ್ನೇ ನೋಡಿದರು. ಆಮೇಲೆ ಬೆರಳು ಎಡಸಾಲಿನ ಮೂರನೆಯ ಮನೆಗೆ ಹೋಯಿತು. ಅಲ್ಲಿ ಗೂಡಿರಲಿಲ್ಲ.

"ತಪ್ಪಾಗಿ ಒತ್ತಿದ್ದೀಯ, ಡಿಯರ್. ನಮ್ಮ ಮನೆ ಆಚೆ ಸಾಲಿಗೆ ಹೋಗಿದೆ."

"ಇಲ್ಲ ಅಜ್ಜಿ, ಹಲಗೆಯಲ್ಲಿ ಎಡಕ್ಕಿದ್ದದ್ದು ಕಾಗದದಲ್ಲಿ ಬಲಕ್ಕೆ ಬರುತ್ತದೆ. ನಿಮ್ಮ ತಂದೆಗೆ ಗೊತ್ತಿತ್ತಲ್ಲ, ಅದಕ್ಕೇ ತಿರುಗಿಸಿ ಕೊರೆದಿದ್ದಾರೆ. ನಿಜವಾದ ಬೀದಿ ಅಂದರೆ ಇದೇ..."

ದೊಡ್ಡ ಪಂಡಿತೆಯ ಹಾಗೆ ಹೇಳುತ್ತಾ ಹೋದವಳಿಗೆ ನಡುವೆಯೇ ಹೊಳೆಯಿತು. ಅಂದು ಬಸ್ಸಿಳಿದು ಅಜ್ಜಿ ಎಣಿಸಿದ್ದು ಎಡಸಾಲನ್ನು. ಅಜ್ಜಿಗೂ ಅಷ್ಟರಲ್ಲಿ ಹೊಳೆದಿತ್ತು.

ಕೆಲವರು ತಿರುಗಿಸದೆ ಕಂಡದ್ದನ್ನು ಕಂಡ ಹಾಗೇ ಕೊರೆಯುವುದೂ ಉಂಟು ಎಂದು ನಾನು ತೊದಲಿದೆ. ಮಗಳು ಲ್ಯಾಪ್‌ಟಾಪ್ ತೆರೆದು, ಮ್ಯಾಪಿನಲ್ಲಿ ಆ ಊರನ್ನು ಹುಡುಕಿ, ಬೀದಿಯ ಫೋಟೋಗಳನ್ನು ಒಂದೊಂದಾಗಿ ಸರಿಸಿದಳು. ಎಡಕ್ಕೆ ಪೆಟ್ರೋಲ್ ಬಂಕ್. ಬಲಕ್ಕೆ, ಚರ್ಚಿನಿಂದ ಮೂರನೆಯದು, ಹಳದಿ ಬಣ್ಣ ಬಳಿದ ಮನೆ. ಬಾಗಿಲ ಮೇಲೆ ಖಾಲಿ ಗೂಡು, ಅದಕ್ಕೂ ಅದೇ ಹಳದಿ ಬಣ್ಣ. ಕೆಳಗೆ ಮೂರು ಮೆಟ್ಟಿಲು.

ಅಜ್ಜಿ ಪರದೆಗೆ ಮೂಗು ತಾಗಿಸಿಕೊಂಡು ನೋಡಿದರು. "ಇದೇ ಮೆಟ್ಟಿಲು," ಎಂದರು. ಪರದೆಯಲ್ಲಿದ್ದ ಗೂಡಿನ ಮೇಲೆ ಬೆರಳಿಟ್ಟು, "ನಾನು ತಲೆಯೆತ್ತಿ ನೋಡಲೇ ಇಲ್ಲ. ನಮ್ಮ ಮನೆಯಿಂದಲೇ ನನ್ನನ್ನು ಎಬ್ಬಿಸಿ ಕಳಿಸಿದರು," ಎಂದರು.

ಮರುದಿನ ಅವರು ಯಜಮಾನರನ್ನು ಬೇಲಿಯ ಹತ್ತಿರ ಕರೆದು, ತಾನು ವಿಮಾನ ಹತ್ತಬಹುದೇ ಎಂದು ಕೇಳಿದರು. ಇವರು ಅಲ್ಲಿ ಏನೋ ಸಮಾಧಾನ ಹೇಳಿ ಒಳಗೆ ಬಂದರು.

"ಆ ಹಾರ್ಟ್ ಇಟ್ಕೊಂಡು ಇಲ್ಲೇ ಬಾಜೂಕಿನ ಸ್ಟ್ಯಾನ್ಮೋರ್ ತನಕಾ ಹೋಗೋದೂ ಕಷ್ಟ ಐತಿ. ಇದನ್ನ ಒಂದ್ ಹತ್ತ್ ವರ್ಷ ಮೊದಲ ಮಾಡಿದ್ದ್ರ..." ಎಂದವರು ನನ್ನ ಮುಖ ನೋಡಿ ಮಾತು ಬದಲಿಸಿದರು.

ಆ ಮಾತು ಸುಳ್ಳಲ್ಲ. ಹಲಗೆ ನನ್ನ ಕಣ್ಣಿಗೆ ಬಿದ್ದಾಗ ಅಜ್ಜಿಗೆ ಎಪ್ಪತ್ತಾರು, ಟ್ಯೂಬ್ ರೈಲಿನ ಸ್ಟೇಷನ್ ಮೆಟ್ಟಿಲುಗಳನ್ನು ನನಗಿಂತ ಬೇಗ ಹತ್ತುತ್ತಿದ್ದರು. ಅಚ್ಚಿನ ಗುಟ್ಟು ಗೊತ್ತಿದ್ದವಳು ಆ ಮನೆಯಲ್ಲಿ ನಾನೊಬ್ಬಳೇ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುವವರನ್ನು ಕಂಡು ನಗುವವರುಂಟು. ನಾನು ಬೆಣ್ಣೆ ಇಟ್ಟುಕೊಂಡು, ಅಲೆಯುವವರ ಕತೆ ಕೇಳಿ ನಕ್ಕೆ. ಕೆಲವು ಮಂಗಳವಾರ ಅವರ ಮನೆಗೆ ಹೋಗಲು ಕಾಲು ಬರಲಿಲ್ಲ. ಕೊನೆಗೆ ಅಜ್ಜಿಯೇ ಬೇಲಿಯಿಂದ ಕೂಗಿದರು. ಹೋಗಿ ತಪ್ಪಾಯಿತೆಂದು ಅತ್ತುಬಿಟ್ಟೆ. ಅವರು ಹಿಟ್ಟಿನ ಕೈಯಿಂದಲೇ ನನ್ನ ಕೆನ್ನೆ ತಟ್ಟಿದರು.

"ಅಂತೂ ಮನೆಗೆ ಹೋಗಿ ಬಂದೆ ಅಂತಾಯಿತಲ್ಲ. ಅಳುವುದನ್ನಾದರೂ ಸರಿಯಾದ ಮೆಟ್ಟಿಲ ಮೇಲೇ ಅತ್ತಿದ್ದೇನೆ."

ಅದು ನನ್ನನ್ನು ಸಮಾಧಾನ ಮಾಡಲಿಕ್ಕೆ ಆಡಿದ ಮಾತು. ಅಚ್ಚಿನ ಕಾಗದವನ್ನು ಮಂಚದ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದರು. ಎರಡನೆಯ ಕಣ್ಣೂ ಹೋದ ಮೇಲೆ, ನಾನು ಹೋದಾಗಲೆಲ್ಲ ಬೆರಳನ್ನು ಮನೆಯ ಮೇಲೆ ಇಡಿಸು ಎನ್ನುತ್ತಿದ್ದರು. ಬೆರಳು ಅಭ್ಯಾಸಬಲದಿಂದ ಎಡಕ್ಕೇ ಹೋಗುತ್ತಿತ್ತು...

ಎರಡು ವರ್ಷದ ನಂತರ, ಚಳಿಗಾಲದಲ್ಲಿ ತೀರಿಕೊಂಡರು. ಕಾಗದವನ್ನು ಅವರ ಜೊತೆಯೇ ಶವಪೆಟ್ಟಿಗೆಯಲ್ಲಿ ಇಟ್ಟರು. ಮನೆ ಖಾಲಿ ಮಾಡಲು ಬಂದಿದ್ದ ದೂರದ ಸಂಬಂಧಿಯೊಬ್ಬ ಚೀಲವೊಂದನ್ನು ತಂದುಕೊಟ್ಟು, ಇದು ನಿಮ್ಮ ಚಪಾತಿ ಮಣೆಯಂತೆ, ನಿಮಗೇ ಕೊಡಬೇಕೆಂದು ಹೇಳಿದ್ದರು ಎಂದ.

ಈಗ ಪಕ್ಕದ ಮನೆಯಲ್ಲಿ ಬೇರೆಯವರಿದ್ದಾರೆ, ಬೇಲಿಯ ಜಾಗದಲ್ಲಿ ಎತ್ತರದ ಗೋಡೆ ಬಂದಿದೆ. ನಾನಾದರೂ ಒಮ್ಮೆ ಹೋಗಿ ಆ ಮೆಟ್ಟಿಲ ಮೇಲೆ ಕೂತು ಬರೋಣವೆಂದರೆ ಅಲ್ಲಿ ಯುದ್ಧ. ಸೌಟನ್ನು ಮತ್ತೆ ಡ್ರಾಯರಿನಲ್ಲೇ ಇಟ್ಟೆ. ಮಣೆಯನ್ನು ಮಾತ್ರ ದಿನವೂ ಬಳಸುತ್ತೇನೆ, ಅಡಿಯಲ್ಲಿ ಮಡಚಿದ ಟವೆಲ್ ಹಾಕಿ. ಚಪಾತಿ ಮುಗಿದ ಮೇಲೆ ಅದನ್ನು ತಿರುಗಿಸಿ ಒರೆಸುವಾಗ ಕೈ ತಾನಾಗಿ ಎಡಸಾಲಿನ ಮೂರನೆಯ ಮನೆಗೆ ಹೋಗುತ್ತದೆ. "ಎಡಕ್ಕಲ್ಲ ಅಜ್ಜಿ, ಬಲಕ್ಕೆ," ಎನ್ನುತ್ತೇನೆ. ಇದ್ದದ್ದು ಇಷ್ಟೇ ಮಾತು. ಮೊದಲ ವರ್ಷವೇ ಹೇಳಬಹುದಿತ್ತು.